ಮಳೆಗಾಲಕ್ಕೆ ಪವರ್ ಬ್ಯಾಂಕ್: ಕೊಳ್ಳುವುದು, ತುಂಬಿಸುವುದು, ಕಾಪಾಡುವುದು ಹೇಗೆ?

ಜೂನ್‌ನ ಮೊದಲ ಗಾಳಿಮಳೆಗೆ ಸಿಲ್ವರ್ ಮರದ ಕೊಂಬೆ ತಂತಿ ಮೇಲೆ ಬಿತ್ತೆಂದರೆ ಕೊಡಗಿನ ತೋಟದ ಮನೆಗಳಿಗೆ ಕರೆಂಟು ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯವರಿಗೆ ಇದು ಗೊತ್ತಿದ್ದದ್ದೇ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗಂತೂ ಮಳೆಗಾಲದಲ್ಲಿ ಫೋನ್ ಆರಿಹೋಗಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಬೇಕಾದ ಹೊತ್ತಿಗೆ ಕಪಾಟಿನಿಂದ ತೆಗೆದ ಪವರ್ ಬ್ಯಾಂಕ್ ಸತ್ತಿರುವುದನ್ನೋ ಊದಿರುವುದನ್ನೋ ಪ್ರತಿ ವರ್ಷ ನೋಡುತ್ತಲೇ ಇದ್ದೇನೆ.

ಮೊದಲು ಕೊಳ್ಳುವ ವಿಚಾರ. ಡಬ್ಬಿಯ ಮೇಲಿನ 10,000 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ) ಎಂಬುದು ಒಳಗಿನ ಲಿಥಿಯಂ ಸೆಲ್‌ನ 3.7 ವೋಲ್ಟ್‌ನ ಲೆಕ್ಕ, ಅಂದರೆ 37 ವ್ಯಾಟ್ ಅವರ್ ಶಕ್ತಿ. ಅದನ್ನು 5 ವೋಲ್ಟ್‌ಗೆ ಏರಿಸಿ ಫೋನಿಗೆ ಕೊಡುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. 5,000 ಎಂಎಎಚ್ ಫೋನನ್ನು ಸುಮಾರು ಒಂದೂವರೆ ಸಲ ತುಂಬಿಸಬಹುದು, ಎರಡು ಸಲ ಆಗುವುದಿಲ್ಲ. ‘ರೇಟೆಡ್ ಕೆಪಾಸಿಟಿ’ ಎಂದು ಸಣ್ಣಕ್ಷರದಲ್ಲಿ ಇರುವುದೇ ನಿಜವಾದ ಸಂಖ್ಯೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇಲ್ಲದ್ದನ್ನು ಮುಟ್ಟಬೇಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಸಂತೆಯಲ್ಲಿ ಕೆಲವೇ ನೂರು ರೂಪಾಯಿಗೆ 50,000 ಎಂಎಎಚ್ ಎಂದು ಮಾರುವವು ಶುದ್ಧ ಮೋಸ.

ನಮ್ಮ ಕಡೆ ಇದಕ್ಕಿಂತ ಮುಖ್ಯವಾದದ್ದು ಇನ್‌ಪುಟ್, ಅಂದರೆ ಪವರ್ ಬ್ಯಾಂಕ್ ತಾನು ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂಬುದು. ಕರೆಂಟು ಬಂದು ಒಂದು ಗಂಟೆ ಇದ್ದು ಹೋಗುವ ಊರಿನಲ್ಲಿ, 5 ವೋಲ್ಟ್ 2 ಆಂಪಿಯರ್‌ನ, ಅಂದರೆ 10 ವ್ಯಾಟ್‌ನ, 10,000ದ ಪವರ್ ಬ್ಯಾಂಕ್ ಅಷ್ಟರಲ್ಲಿ ಕಾಲುಭಾಗ ತುಂಬಿದರೆ ಹೆಚ್ಚು. 18 ವ್ಯಾಟ್‌ನದು ಹತ್ತಿರಹತ್ತಿರ ಅರ್ಧ ತುಂಬುತ್ತದೆ, ಚಾರ್ಜರ್ ಕೂಡ ಅಷ್ಟೇ ಶಕ್ತಿಯದ್ದಾಗಿದ್ದರೆ. ಹಾಗಾಗಿ ನನ್ನ ಸಲಹೆ ಖಡಾಖಂಡಿತ: ನಿಧಾನವಾಗಿ ತುಂಬುವ 20,000ದ ಒಂದರ ಬದಲು ಬೇಗ ತುಂಬುವ 10,000ದ ಎರಡು ಕೊಳ್ಳಿ.

ಚಾರ್ಜ್ ಮಾಡುವುದು ಸುಲಭ. ಗುಡುಗು ಮಿಂಚಿದ್ದಾಗ ಬೇಡ, ಹಾಸಿಗೆ ಮೇಲೆ ಬೇಡ. ಟವರ್ ಸತ್ತು ನೆಟ್‌ವರ್ಕ್ ಹೋದಾಗ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಸಿಗ್ನಲ್ ಹುಡುಕಿಯೇ ಅದು ಬ್ಯಾಟರಿ ತಿಂದುಹಾಕುತ್ತದೆ.

ಜನ ಎಡವುವುದು ಒದ್ದೆಯಾದಾಗ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಬಟ್ಟೆಯೂ ಒಣಗುವುದಿಲ್ಲ ನಿಜ, ಆದರೆ ಬಟ್ಟೆಯ ಜೊತೆ ಪವರ್ ಬ್ಯಾಂಕನ್ನೂ ಒಲೆ ಮೇಲಿನ ಅಟ್ಟಕ್ಕೋ ಕೆಂಡದ ಪಕ್ಕಕ್ಕೋ ಇಡುವುದು ಮಹಾ ಅಪಾಯ. ಬಿಸಿ ಏರಿದಂತೆ ಸೆಲ್‌ನ ಒಳಗಿನ ದ್ರವ ವಿಭಜನೆಯಾಗಿ ಅನಿಲವಾಗುತ್ತದೆ, ಅತಿಯಾದರೆ ಬೆಂಕಿಯೇ ಹೊತ್ತಿಕೊಳ್ಳುತ್ತದೆ. ಅಕ್ಕಿ ಡಬ್ಬಿಯೂ ಬೇಡ, ಅಕ್ಕಿಯ ಧೂಳು ಕೇಬಲ್ ಸಿಕ್ಕಿಸುವ ತೂತಿನೊಳಗೆ (ಪೋರ್ಟ್) ಸೇರಿ ಅಂಟಿಕೊಳ್ಳುತ್ತದೆ. ಬರೀ ಪೋರ್ಟ್ ಒದ್ದೆಯಾಗಿದ್ದರೆ ಬಾಯಿ ಕೆಳಗೆ ಮಾಡಿ ಮೆಲ್ಲಗೆ ಕೊಡವಿ, ಹತ್ತಿಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ಒಂದು ದಿನ ಪೂರ್ತಿ ಬಿಡಿ. ಆಮೇಲೆ ಟಾರ್ಚ್ ಹಾಕಿ ಒಳಗೆ ನೋಡಿ: ಪಿನ್ನುಗಳ ಮೇಲೆ ಹಸಿರೋ ಕಂದೋ ಕಲೆ ಕಂಡರೆ ಕೇಬಲ್ ಸಿಕ್ಕಿಸಬೇಡಿ. ಪ್ರವಾಹದ ನೀರಿನಲ್ಲಿ ಮುಳುಗಿದ್ದನ್ನು ಒಣಗಿಸಿ ಬಳಸುವ ಆಸೆಯನ್ನೇ ಬಿಡಿ.

ಇನ್ನೊಂದು ದೊಡ್ಡ ತಪ್ಪು ಆಗುವುದು ಮಳೆ ನಿಂತ ಮೇಲೆ. ಅಕ್ಟೋಬರ್‌ನಲ್ಲಿ ಖಾಲಿಯಾದದ್ದನ್ನು ಹಾಗೇ ಕಪಾಟಿಗೆ ಎಸೆದು ಮುಂದಿನ ಜೂನ್‌ಗೆ ಹುಡುಕುತ್ತಾರೆ. ಬಳಸದಿದ್ದರೂ ಒಳಗಿನ ಸರ್ಕ್ಯೂಟ್ ಚೂರುಚೂರೇ ಹೀರುತ್ತಿರುತ್ತದೆ. ವೋಲ್ಟೇಜ್ ತೀರಾ ಕುಸಿದರೆ ಸೆಲ್ ಒಳಗೇ ಹಾಳಾಗಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಪೂರ್ತಿ ತುಂಬಿಸಿಟ್ಟರೂ ಬೇಗ ಮುಪ್ಪಾಗುತ್ತದೆ. ನಾಲ್ಕರಲ್ಲಿ ಎರಡು ದೀಪ ಉರಿಯುವಷ್ಟು ಉಳಿಸಿ, ಅದರ ಬಿಸಿ ಪೂರ್ತಿ ಇಳಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗೆ ತೇವ ನಿಂತು ಪಿನ್ನು ತುಕ್ಕು ಹಿಡಿಯುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತನ್ನಿ. ಮೇ ಕೊನೆಯಲ್ಲಿ ಪೂರ್ತಿ ತುಂಬಿಸಿ, ಒಂದು ಫೋನಿಗೆ ಚಾರ್ಜ್ ಮಾಡಿ ಪರೀಕ್ಷಿಸಿ. ಆಗಲೇ ಕೈಕೊಟ್ಟರೆ ಹೊಸದು ತರಲು ಮಡಿಕೇರಿಗೋ ವಿರಾಜಪೇಟೆಗೋ ಹೋಗಿಬರಲು ಇನ್ನೂ ದಾರಿ ತೆರೆದಿರುತ್ತದೆ.

ಮೇಜಿನ ಮೇಲಿಟ್ಟಾಗ ಅಲ್ಲಾಡುವುದು, ಅಂಚಿನ ಜೋಡಣೆ ಬಿಡುವುದು, ಸಿಹಿಯಾದ ಘಾಟು ವಾಸನೆ ಬರುವುದು ಊದಿಕೊಂಡದ್ದರ ಇಲ್ಲವೇ ಒಳಗಿನ ದ್ರವ ಸೋರುತ್ತಿರುವುದರ ಗುರುತು. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಮನೆಯಿಂದ ಹೊರಗೆ, ನೆರಳಿರುವ ಕಡೆ ಮಣ್ಣಿನ ಪಾತ್ರೆಯಲ್ಲಿಟ್ಟು, ಆದಷ್ಟು ಬೇಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಊದಿದೆ ಎಂದು ಮೊದಲೇ ತಿಳಿಸಿ ಕೊಡಿ. ತೋಟದ ಗೊಬ್ಬರದ ಗುಂಡಿಗೆ ಎಸೆಯಬೇಡಿ, ಕಸದ ಜೊತೆ ಸುಡಲೂ ಬೇಡಿ.