ಕ್ಯಾಮೆರಾಗೆ ವಿಮೆ: ಪ್ರೀಮಿಯಂ ಕೇಳುವ ಮೊದಲು ಷರತ್ತು ಕೇಳಿ

ಮದುವೆ ಫೋಟೋಗ್ರಾಫರ್ ಒಬ್ಬರ ಬ್ಯಾಗಿನಲ್ಲಿ ಏನೇನಿರುತ್ತದೆ ಅಂತ ಲೆಕ್ಕ ಹಾಕಿ. ಎರಡು ಕ್ಯಾಮೆರಾ ಬಾಡಿ, ಒಂದು 24-70 ಲೆನ್ಸ್, ಒಂದು 70-200 ಲೆನ್ಸ್, ಎರಡು ಫ್ಲ್ಯಾಶ್. ಸಲೀಸಾಗಿ ಐದಾರು ಲಕ್ಷ ಆಗುತ್ತದೆ, ಅದರಲ್ಲಿ ಅರ್ಧ ಇನ್ನೂ ಇಎಂಐನಲ್ಲಿರುತ್ತದೆ. ಧಾರೆ ಹೊತ್ತಲ್ಲಿ ಆ ಬ್ಯಾಗು ಮಂಟಪದ ಪಕ್ಕದ ಕುರ್ಚಿ ಮೇಲೆ ಕೂತಿರುತ್ತದೆ, ಎಲ್ಲರ ಕಣ್ಣು ಹುಡುಗ ಹುಡುಗಿ ಮೇಲೆ. ಕಳ್ಳನಿಗೆ ಅಷ್ಟು ಸಾಕು. ಬೈಕಿಗೆ ವಿಮೆ ಮಾಡಿಸುತ್ತೇವೆ, ಬೈಕಿಗಿಂತ ಎಷ್ಟೋ ಪಟ್ಟು ಬೆಲೆಬಾಳುವ ಈ ಬ್ಯಾಗಿಗೆ ಮಾತ್ರ ಮಾಡಿಸುವುದಿಲ್ಲ. ದಯವಿಟ್ಟು ಮಾಡಿಸಿ.

ವಾರಂಟಿ ಇದೆಯಲ್ಲ ಅಂತ ಕೆಲವರು ಸುಮ್ಮನಿರುತ್ತಾರೆ. ಕಂಪನಿ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದರೆ, ನೀರು ಹೋದರೆ, ಕಳುವಾದರೆ ಅದು ಕೆಲಸಕ್ಕೆ ಬರಲ್ಲ. ಮನೆ ವಿಮೆಯ ಮೇಲೂ ಜಾಸ್ತಿ ಭರವಸೆ ಇಡಬೇಡಿ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಪ್ರವಾಹ, ಭೂಕಂಪದಂಥವುಗಳಿಗೆ. ಕಳ್ಳತನಕ್ಕೆ ಅದು ದುಡ್ಡು ಕೊಡುವುದು ಅಂಥ ಅನಾಹುತ ನಡೆದ 7 ದಿನದೊಳಗೆ ಕಳುವಾಗಿದ್ದರೆ ಮಾತ್ರ. ಇನ್ನು ಬರ್ಗ್ಲರಿ (ಕನ್ನಗಳವು) ಪಾಲಿಸಿಯಲ್ಲಿ ಸಾಮಾನ್ಯವಾಗಿ ಬೀಗ ಮುರಿದು ಅಥವಾ ಬಲವಂತವಾಗಿ ಒಳನುಗ್ಗಿದ ಗುರುತು ಇರಲೇಬೇಕು. ಚೌಟ್ರಿಯಲ್ಲಿ ಕುರ್ಚಿ ಮೇಲಿಂದ ಹೋದ ಬ್ಯಾಗಿಗೆ ಇವೆರಡೂ ಆಗಿಬರುವುದಿಲ್ಲ.

ನಿಮಗೆ ಬೇಕಿರುವುದು ಎರಡರಲ್ಲಿ ಒಂದು: ಆಲ್ ರಿಸ್ಕ್ ಪಾಲಿಸಿ, ಇಲ್ಲವೇ ಎಲೆಕ್ಟ್ರಾನಿಕ್ ಇಕ್ವಿಪ್‌ಮೆಂಟ್ ಪಾಲಿಸಿ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯೆಂಟಲ್ ಈ ನಾಲ್ಕು ಸರ್ಕಾರಿ ಕಂಪನಿಗಳಲ್ಲೂ ವಿಚಾರಿಸಿ, ಖಾಸಗಿಯವರ ಹತ್ತಿರವೂ ಕೇಳಿ. ಎಲೆಕ್ಟ್ರಾನಿಕ್ ಪಾಲಿಸಿ ಮೂಲತಃ ಆಫೀಸು, ಸ್ಟುಡಿಯೋದಲ್ಲಿ ಒಂದೇ ಕಡೆ ಇರುವ ಯಂತ್ರಗಳಿಗಾಗಿ ಮಾಡಿದ್ದು. ನೀವು ಊರೂರು ಹೊತ್ತು ತಿರುಗುವವರಾದರೆ ಪೋರ್ಟಬಲ್ ಉಪಕರಣಗಳ ಕವರ್ ಸೇರಿಸಿ ಅಂತ ಬಾಯಿಬಿಟ್ಟು ಹೇಳಬೇಕು, ಅದು ಪಾಲಿಸಿ ಕಾಗದದಲ್ಲಿ ಬರಬೇಕು. ಏಜೆಂಟ್ ಬಾಯಲ್ಲಿ ಹೇಳಿದ್ದಕ್ಕೆ ಕ್ಲೈಮ್ ಹೊತ್ತಲ್ಲಿ ಬೆಲೆ ಇಲ್ಲ.

ಈಗ ಮುಖ್ಯ ವಿಷಯ. ಆಲ್ ರಿಸ್ಕ್ ಅಂತ ಹೆಸರಿದ್ದರೂ ಎಲ್ಲ ಅಪಾಯಕ್ಕೂ ರಕ್ಷಣೆ ಇರುವುದಿಲ್ಲ. 'ಎಕ್ಸ್‌ಕ್ಲೂಷನ್ಸ್' ಅಂತ ಒಂದು ಪುಟ ಇರುತ್ತದೆ, ಮೊದಲು ಅದನ್ನೇ ಓದಿ. ನಮ್ಮ ದೇಶದ ಎಷ್ಟೋ ಆಲ್ ರಿಸ್ಕ್ ಪಾಲಿಸಿಗಳಲ್ಲಿ ಲೆನ್ಸ್ ಮತ್ತು ಗಾಜು ಒಡೆದರೆ, ಬಿರುಕು ಬಿಟ್ಟರೆ, ಗೀರು ಬಿದ್ದರೆ ಪರಿಹಾರ ಇಲ್ಲ ಅಂತ ಬರೆದಿರುತ್ತದೆ. ಅದನ್ನು ಒಯ್ಯುತ್ತಿದ್ದ ರೈಲು, ವಾಹನ ಅಥವಾ ವಿಮಾನವೇ ಅಪಘಾತಕ್ಕೆ ಸಿಕ್ಕಿದ್ದರೆ ಮಾತ್ರ ಕೊಡುತ್ತಾರೆ. ಯೋಚನೆ ಮಾಡಿ, ಒಂದು ಲಕ್ಷದ 70-200 ಟ್ರೈಪಾಡಿನಿಂದ ಕೆಳಗೆ ಬಿದ್ದು ಮುಂದಿನ ಗಾಜು ಒಡೆದರೆ, ಫೋಟೋಗ್ರಾಫರ್‌ಗೆ ಅದಕ್ಕಿಂತ ಸಾಮಾನ್ಯವಾದ ಅಪಘಾತ ಬೇರೆ ಯಾವುದಿದೆ? ಅದಕ್ಕೇ ಕವರ್ ಇಲ್ಲದಿದ್ದರೆ ಪಾಲಿಸಿ ಯಾಕೆ? "ಕೈಜಾರಿ ಬಿದ್ದು ಲೆನ್ಸ್ ಒಡೆದರೆ ಕೊಡ್ತೀರಾ?" ಅಂತ ಇಮೇಲ್‌ನಲ್ಲೇ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ. ಇಲ್ಲ ಅಂದರೆ ಬೇರೆ ಕಂಪನಿ ನೋಡಿ.

ಎರಡನೆಯದು ಕಾರಿನ ಷರತ್ತು. ಕಾರಿನಿಂದ ಕಳುವಾದರೆ, ಅದು ಪೂರ್ತಿ ಮುಚ್ಚಿದ ಕಾರಾಗಿರಬೇಕು, ಆ ಹೊತ್ತಲ್ಲಿ ಎಲ್ಲ ಬಾಗಿಲು ಕಿಟಕಿ ಭದ್ರವಾಗಿ ಲಾಕ್ ಆಗಿರಬೇಕು. ಊಟಕ್ಕೆ ಇಳಿದಾಗ ಕಿಟಕಿ ಎರಡು ಬೆರಳು ತೆರೆದಿದ್ದರೂ ತಕರಾರು ತೆಗೆಯಬಹುದು. ತೆರೆದ ಜೀಪಿನಲ್ಲಿ ಬ್ಯಾಗು ಬಿಟ್ಟು ಇಳಿಯುವ ಕಬಿನಿ, ದಾಂಡೇಲಿ ಸಫಾರಿಯವರು ಇದನ್ನು ನೆನಪಿಡಿ.

ಸವೆತ, ಶಟರ್ ತಾನಾಗೇ ಕೆಟ್ಟಿದ್ದು, ಮಳೆಗಾಲದಲ್ಲಿ ಲೆನ್ಸ್ ಒಳಗೆ ಬೆಳೆಯುವ ಫಂಗಸ್, ಇವಕ್ಕೆಲ್ಲ ಸಾಮಾನ್ಯವಾಗಿ ಪರಿಹಾರ ಇಲ್ಲ. ಮಲೆನಾಡಿನವರಿಗೆ ತೇವ ತಡೆಯುವ ಡ್ರೈ ಕ್ಯಾಬಿನೆಟ್ಟೇ ವಿಮೆ. ಬಾಡಿಗೆಗೆ ಕ್ಯಾಮೆರಾ ಕೊಡುವವರು ಇನ್ನೂ ಹುಷಾರಾಗಿರಬೇಕು. ನೀವೇ ನಂಬಿ ಕೈಗೆ ಕೊಟ್ಟವನು ತಗೊಂಡು ಪರಾರಿಯಾದರೆ ಕಾನೂನಿನಲ್ಲಿ ಅದು ಕಳ್ಳತನ ಅಲ್ಲ, ನಂಬಿಕೆ ದ್ರೋಹ. ಎಷ್ಟೋ ಪಾಲಿಸಿಗಳು ಅದನ್ನು ಹೊರಗಿಡುತ್ತವೆ. ಡ್ರೋನ್ ಇದ್ದರೆ ಅದರ ದಾರಿಯೇ ಬೇರೆ, 2021ರ ಡ್ರೋನ್ ನಿಯಮದ ಪ್ರಕಾರ ನ್ಯಾನೋ (ತೀರಾ ಚಿಕ್ಕ ಡ್ರೋನ್) ಬಿಟ್ಟು ಉಳಿದವಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ.

ಅರ್ಜಿಯಲ್ಲಿ ವೃತ್ತಿಗೋ ಹವ್ಯಾಸಕ್ಕೋ ಅಂತ ಕೇಳುತ್ತಾರೆ. ಪ್ರೀಮಿಯಂ ಕಡಿಮೆ ಆಗಲಿ ಅಂತ ಹವ್ಯಾಸ ಎಂದು ಬರೆದು ಮದುವೆ ಶೂಟ್ ಮಾಡಬೇಡಿ. ಕ್ಲೈಮ್ ತಳ್ಳಿಹಾಕಲು ಅದೊಂದೇ ಸಾಕು. ವಿದೇಶಕ್ಕೆ ಹೋಗುವುದಿದ್ದರೆ ಅದನ್ನೂ ಮೊದಲೇ ಹೇಳಿ, ಪಾಲಿಸಿ ಭಾರತಕ್ಕೆ ಮಾತ್ರ ಸೀಮಿತವಾಗಿದ್ದರೆ ಹೆಚ್ಚುವರಿ ಕಟ್ಟಿ ವಿಸ್ತರಿಸಿಕೊಳ್ಳಬೇಕಾಗುತ್ತದೆ.

ಮೊತ್ತ ಕಡಿಮೆ ತೋರಿಸುವುದೂ ನಷ್ಟವೇ. ನಿಮ್ಮ ಸಾಮಾನಿನ ಬೆಲೆ 6 ಲಕ್ಷ, ನೀವು ವಿಮೆ ಮಾಡಿಸಿದ್ದು 3 ಲಕ್ಷಕ್ಕೆ ಅಂತಿಟ್ಟುಕೊಳ್ಳಿ. 40,000 ರೂಪಾಯಿ ರಿಪೇರಿ ಬಂದರೆ, ಸರಾಸರಿ ಷರತ್ತಿನ (ಎಷ್ಟು ಪಾಲು ಬೆಲೆಗೆ ವಿಮೆ ಇದೆಯೋ ನಷ್ಟದಲ್ಲೂ ಅಷ್ಟೇ ಪಾಲು ಕೊಡುವುದು) ಪ್ರಕಾರ ಸಿಗುವುದು 20,000. ಅದರಲ್ಲೂ ನೀವೇ ಭರಿಸಬೇಕಾದ ಮೊತ್ತ ಮುರಿದುಕೊಳ್ಳುತ್ತಾರೆ. ಹಾಗಾಗಿ ಅದೇ ಮಾಡೆಲ್ ಇವತ್ತು ಹೊಸದಾಗಿ ಕೊಂಡರೆ ಎಷ್ಟು ಆಗುತ್ತದೋ ಅದನ್ನೇ ಆಧಾರ ಮಾಡಿಕೊಳ್ಳಿ, ಪಾಲಿಸಿ ಹೊಸ ಬೆಲೆ ಕೇಳುತ್ತದೋ ಮಾರುಕಟ್ಟೆ ಬೆಲೆಯೋ ಅಂತ ಖಚಿತ ಮಾಡಿಕೊಳ್ಳಿ. ಪೂರ್ತಿ ಹೋದಾಗ ಸವಕಳಿ ಕಳೆಯುತ್ತಾರಾ ಅನ್ನುವುದನ್ನೂ ಕೇಳಿ. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಬರುತ್ತದೆ.

ಪಾಲಿಸಿಯ ಪಟ್ಟಿಯಲ್ಲಿ ಪ್ರತಿ ಬಾಡಿ, ಪ್ರತಿ ಲೆನ್ಸ್ ಸೀರಿಯಲ್ ನಂಬರ್ ಸಮೇತ ಬೇರೆ ಬೇರೆಯಾಗಿ ಇರಲಿ. ಬಾಡಿಯ ನಂಬರ್ ಹೆಚ್ಚಾಗಿ ಅಡಿಯಲ್ಲೋ ತಿರುಗುವ ಸ್ಕ್ರೀನಿನ ಹಿಂದೆಯೋ ಇರುತ್ತದೆ, ಲೆನ್ಸಿನದ್ದು ಮೌಂಟ್ ಹತ್ತಿರ. ಫೋನಿನಲ್ಲಿ ಫೋಟೋ ತೆಗೆದು, ಬಿಲ್ಲಿನ ಜೊತೆ ನಿಮಗೇ ಇಮೇಲ್ ಮಾಡಿಕೊಳ್ಳಿ. ಬಿಲ್ಲನ್ನು ಕ್ಯಾಮೆರಾ ಬ್ಯಾಗಿನಲ್ಲೇ ಇಡಬೇಡಿ! ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಮಾರಿದವರಿಂದ ಸಹಿ ಹಾಕಿದ ರಸೀದಿ ಮತ್ತು ಅವರ ಹಳೇ ಬಿಲ್ಲು ತಗೊಳ್ಳಿ. ಬಿಲ್ಲಿಲ್ಲದ ಅಗ್ಗದ ಮಾಲು ಕೊಳ್ಳುವಾಗ ಉಳಿಯುವ ದುಡ್ಡು ಕ್ಲೈಮ್ ಹೊತ್ತಿಗೆ ಕೈತಪ್ಪುತ್ತದೆ. ನಂಬರ್ ಬರೆದಿಟ್ಟಿರದಿದ್ದರೆ ಹಳೇ ಫೋಟೋ ಫೈಲಿನ ಎಕ್ಸಿಫ್ ಮಾಹಿತಿ ನೋಡಿ, ಹಲವು ಕ್ಯಾಮೆರಾಗಳು ಅಲ್ಲಿ ಬಾಡಿಯ ನಂಬರ್ ಬರೆದಿರುತ್ತವೆ.

ಕಳುವಾದರೆ ಅದೇ ದಿನ ವಿಮಾ ಕಂಪನಿಗೆ ತಿಳಿಸಿ, ಪೊಲೀಸ್ ಠಾಣೆಗೆ ಹೋಗಿ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. 'ಕಳೆದುಹೋಗಿದೆ ಅಂತ ಇ-ಲಾಸ್ಟ್‌ನಲ್ಲಿ ಹಾಕಿ' ಅಂತ ಠಾಣೆಯಲ್ಲಿ ಅಂದರೆ ಒಪ್ಪಬೇಡಿ, ಅದು ಬೀಳಿಸಿಕೊಂಡ ವಸ್ತುಗಳಿಗಾಗಿ ಇರುವ ಪೊಲೀಸರ ಆನ್‌ಲೈನ್ ವ್ಯವಸ್ಥೆ. ಕಳ್ಳತನಕ್ಕೆ ಎಫ್ಐಆರ್ ಬೇಕು, ಅದರಲ್ಲಿ ಸೀರಿಯಲ್ ನಂಬರ್ ಇರಬೇಕು. ಬೇರೆ ಊರಲ್ಲಿ ಆಗಿದ್ದರೂ ಹತ್ತಿರದ ಠಾಣೆಯಲ್ಲೇ ಝೀರೋ ಎಫ್ಐಆರ್ ಹಾಕಲು ಅವಕಾಶವಿದೆ. ಠಾಣೆಯಲ್ಲಿ ದಾಖಲಿಸದಿದ್ದರೆ ದೂರನ್ನು ಬರಹದಲ್ಲಿ, ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು. ಆಮೇಲೆ ವಿಮಾ ಕಂಪನಿ ಪತ್ತೆಯಾಗಿಲ್ಲ ಅನ್ನುವ ವರದಿ ಕೇಳಬಹುದು, ಕರ್ನಾಟಕದಲ್ಲಿ ಅದನ್ನು 'ಸಿ' ರಿಪೋರ್ಟ್ ಅನ್ನುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಆಗಬಹುದು, ಠಾಣೆಗೆ ಆಗಾಗ ಹೋಗಿ ಕೇಳುತ್ತಿರಿ.

ಬಿದ್ದು ಒಡೆದಿದ್ದರೆ ರಿಪೇರಿಗೆ ಅವಸರ ಬೇಡ. ಫೋಟೋ ತೆಗೆಯಿರಿ, ಕ್ಯಾಮೆರಾ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಿಂದ ಎಸ್ಟಿಮೇಟ್ ತನ್ನಿ, ನಷ್ಟ ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವವರೆಗೆ ಬಿಚ್ಚಿಸಬೇಡಿ. ಒಡೆದ ಭಾಗ ಬಿಸಾಡಬೇಡಿ.

ಕ್ಲೈಮ್ ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ವಿಮೆಯ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಂದು ವರ್ಷದೊಳಗೆ ಹೋಗಬೇಕು, ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ಆಗ ಲೆನ್ಸ್ ಬಗ್ಗೆ ಮೊದಲೇ ಪಡೆದಿದ್ದ ಆ ಇಮೇಲ್ ಪ್ರಿಂಟ್ ಹಾಕಿಸಿ ದೂರಿನ ಜೊತೆ ಲಗತ್ತಿಸಿ.