ಮುಂಗೋಪಿ ಎಂದು ಬರೆದ ಪುಸ್ತಕವನ್ನು ಬದಲಿಸಿದ ಮೇಲೆ

ಮೈಸೂರಿನ ವೃದ್ಧಾಶ್ರಮವೊಂದರಲ್ಲಿ ನಾನು ಒಂಬತ್ತು ವರ್ಷಗಳಿಂದ ನರ್ಸಿಂಗ್ ಮೇಲ್ವಿಚಾರಕಿಯಾಗಿದ್ದೇನೆ. ನಮ್ಮಲ್ಲಿರುವ ನಲವತ್ತು ಹಿರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮರೆಗುಳಿ ಕಾಯಿಲೆ ಒಂದಲ್ಲ ಒಂದು ಹಂತದಲ್ಲಿದೆ. ಮೊದಲೆಲ್ಲ ಇಬ್ಬರು ಕೈಮಾಡಿಕೊಂಡರೆ ಬಿಡಿಸಿ, ಹೊಡೆದವರ ಹೆಸರಿನ ಮುಂದೆ ‘ಮುಂಗೋಪಿ’ ಎಂದು ವರದಿ ಪುಸ್ತಕದಲ್ಲಿ ಬರೆದು, ಮಗನಿಗೆ ಫೋನ್ ಮಾಡಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. ಆ ಒಂದು ಪದ ನಮ್ಮನ್ನು ಬಹಳ ಕಾಲ ದಾರಿ ತಪ್ಪಿಸಿತು.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಪಕ್ಕದ ಕೋಣೆಯವರ ತಲೆಗೆ ಊರುಗೋಲಿನಿಂದ ಹೊಡೆದರು. ಮೂರು ಹೊಲಿಗೆ ಬಿದ್ದವು. ಮಂಪರು ಬರುವಂಥದ್ದು ಏನಾದರೂ ಕೊಡಿ ಎಂದು ವೈದ್ಯರನ್ನು ಕೇಳಿದವಳು ನಾನೇ. ಮರೆವಿನ ಕಾಯಿಲೆಯ ವೃದ್ಧರಿಗೆ, ಇಂಥ ಹೊತ್ತಿನಲ್ಲಿ ಕೊಡುವ ಕೆಲವು ಮನೋರೋಗದ (ಆಂಟಿಸೈಕೋಟಿಕ್) ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದ್ದು ನನಗೆ ತಿಳಿಯದ್ದೇನಲ್ಲ. ನಾಲ್ಕೇ ದಿನಕ್ಕೆ ಅವರು ತೂಕಡಿಸುತ್ತಾ ಬಚ್ಚಲಿನಲ್ಲಿ ಬಿದ್ದರು. ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಮೂತ್ರದ ಸೋಂಕು ಕಾಣಿಸಿತು. ಮಲವಿಸರ್ಜನೆಯಾಗಿ ಐದು ದಿನವಾಗಿತ್ತೆಂಬುದೂ ಆಗಲೇ ತಿಳಿದದ್ದು. ಎರಡಕ್ಕೂ ಚಿಕಿತ್ಸೆಯಾದ ಮೇಲೆ ಅವರು ಎಂದಿನಂತೆ “ಊಟ ಆಯಿತೇನಮ್ಮ?” ಎಂದು ಕೇಳತೊಡಗಿದರು. ನೋವನ್ನು ಬಾಯಿಬಿಟ್ಟು ಹೇಳಲಾಗದವರು ಅದನ್ನು ಕೋಲಿನಿಂದ ಹೇಳಿದ್ದರು.

ಅಂದಿನಿಂದ ಬೇರೆಯೇ ಪುಸ್ತಕ ಇಟ್ಟೆವು. ಜಗಳ ಎಷ್ಟು ಹೊತ್ತಿಗೆ, ಎಲ್ಲಿ ಆಯಿತು, ಅದಕ್ಕೆ ಹತ್ತು ನಿಮಿಷ ಮೊದಲು ಅಲ್ಲಿ ಏನು ನಡೆಯುತ್ತಿತ್ತು ಎಂಬುದನ್ನಷ್ಟೇ ಬರೆಯಬೇಕು, ಸ್ವಭಾವದ ವಿಚಾರ ಎತ್ತಬಾರದು. ಎರಡು ತಿಂಗಳ ನಮೂದುಗಳನ್ನು ಒಟ್ಟಿಗೆ ನೋಡಿದಾಗ ಹೆಚ್ಚಿನ ಜಗಳಗಳು ಸಂಜೆ 4:30ರಿಂದ 6:30ರೊಳಗೆ, ಊಟದ ಮನೆಯ ಮುಂದಿನ ಇಕ್ಕಟ್ಟಾದ ಓಣಿಯಲ್ಲಿ ಆಗಿದ್ದವು. ಕಾಫಿಗೆ ಎಲ್ಲರೂ ಅಲ್ಲೇ ಕಾಯುತ್ತಿದ್ದರು, ಗಾಲಿಕುರ್ಚಿಗೆ ವಾಕರ್ ತಗಲುತ್ತಿತ್ತು, ಟಿ.ವಿ. ಅಬ್ಬರಿಸುತ್ತಿತ್ತು, ಕರೆಂಟ್ ಉಳಿಸಲೆಂದು ದೀಪ ಹಾಕಿರುತ್ತಿರಲಿಲ್ಲ, ಆಯಾಗಳು ಪಾಳಿ ಬದಲಿಸುವುದರಲ್ಲಿ ಮುಳುಗಿರುತ್ತಿದ್ದರು. ಹೊತ್ತು ಇಳಿಯುವಾಗ ತಳಮಳ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ನಾವು ಆ ಬೆಂಕಿಗೆ ತುಪ್ಪ ಸುರಿಯುತ್ತಿದ್ದೆವು. ಇದು ನಮ್ಮಲ್ಲಿ ಮಾತ್ರ ಹೀಗೆ ಎಂದು ನಾಚಿಕೊಂಡಿದ್ದ ಆಡಳಿತದವರಿಗೆ, ನ್ಯೂಯಾರ್ಕ್ ರಾಜ್ಯದ 10 ಆರೈಕೆ ಮನೆಗಳ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವನ್ನು ತೋರಿಸಿದೆ: ಅಲ್ಲಿ ನಾಲ್ಕು ವಾರಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಇಂಥ ಘಟನೆಯಲ್ಲಿ ಸಿಲುಕಿದ್ದರು. ಆಮೇಲೆ ಕಾಫಿ ಅವರವರು ಕುಳಿತಲ್ಲಿಗೇ ಹೋಯಿತು, ಪಾಳಿ ಬದಲಾವಣೆ ಮೂರು ಗಂಟೆಗೆ ಬಂತು, ಐದಕ್ಕೇ ದೀಪ ಹತ್ತಿತು. ಕಿಟಕಿ ಪಕ್ಕದ ಕುರ್ಚಿಯ ಜಗಳವನ್ನಂತೂ ಬಸ್ಸಿನ ಸೀಟಿಗೆ ಹಾಕುವಂತೆ ಒಂದು ಟವೆಲ್ ಹಾಕಿ ಬಗೆಹರಿಸಿದೆವು.

ಒಬ್ಬ ಅಜ್ಜಿ ಮಾತ್ರ ಪ್ರತಿ ಸಂಜೆ ಎದುರು ಕೋಣೆಗೆ ನುಗ್ಗಿ ಬೀರು ತಡಕುತ್ತಿದ್ದರು. ಆ ಕೋಣೆಯವರು ಕಳ್ಳಿ ಬಂದಳೆಂದು ಅವರ ತುರುಬು ಹಿಡಿಯುತ್ತಿದ್ದರು. ಹೊರಗಿನಿಂದ ಚಿಲಕ ಹಾಕಿ ನೋಡಿದೆವು, ರಂಪ ಹೆಚ್ಚಾಯಿತೇ ಹೊರತು ತಗ್ಗಲಿಲ್ಲ. ಅಜ್ಜಿಯ ಮಗಳನ್ನು ವಿಚಾರಿಸಿದಾಗ ಗುಟ್ಟು ತಿಳಿಯಿತು: ಮುಸ್ಸಂಜೆಗೆ ದೇವರ ದೀಪ ಹಚ್ಚುವುದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಬೀರುವಿನಲ್ಲಿ ಅವರು ಹುಡುಕುತ್ತಿದ್ದುದು ಬತ್ತಿಯನ್ನು. ಈಗ ಐದೂವರೆಗೆ ಹಿತ್ತಾಳೆ ತಟ್ಟೆಯಲ್ಲಿ ಹತ್ತಿ ಇಟ್ಟರೆ, ಎರಡು ಬೆರಳಿಗೆ ವಿಭೂತಿ ಸೋಕಿಸಿಕೊಂಡು, ತೊಡೆಯ ಮೇಲೆ ಒಂದೇ ಸಮನಾಗಿ ಬತ್ತಿ ಹೊಸೆಯುತ್ತಾರೆ. ಎದುರು ಕೋಣೆಯವರು ಒಮ್ಮೊಮ್ಮೆ ಹತ್ತಿ ಬಿಡಿಸಿ ಕೊಡುವುದೂ ಉಂಟು.

ಆಯಾಗಳಿಗೆ ಕಲಿಸಿದ್ದು ಸ್ವಲ್ಪವೇ: ಹಿಂದಿನಿಂದ ರಟ್ಟೆ ಹಿಡಿದು ಎಳೆಯಬಾರದು, ಎದುರಿಗೆ ಬಂದು ಅವರ ಕಣ್ಣಿನ ಮಟ್ಟಕ್ಕೆ ಬಗ್ಗಬೇಕು, ಒಬ್ಬೊಬ್ಬರನ್ನು ಒಬ್ಬೊಬ್ಬ ಆಯಾ ಬೇರೆ ಬೇರೆ ಕಡೆಗೆ ಕರೆದೊಯ್ಯಬೇಕು. “ಸುಮ್ಮನಿರಿ ಅಜ್ಜ” ಎಂದರೆ ಕೆರಳುವ ಮೇಷ್ಟ್ರು, “ಮೇಷ್ಟ್ರೇ, ಹಾಜರಿ ತೆಗೆದುಕೊಳ್ಳಬೇಕು, ಬನ್ನಿ” ಎಂದರೆ ಎದ್ದು ಬರುತ್ತಾರೆ.

ಎಲ್ಲ ಜಗಳಕ್ಕೂ ಕಾಯಿಲೆಯೇ ಕಾರಣವೆಂದರೆ ಸುಳ್ಳಾದೀತು. ಇಂಥವರ ಪಕ್ಕ ಉಣ್ಣಲಾರೆ ಎಂದು ಜಾತಿ ಎತ್ತಿ ತಟ್ಟೆ ತಳ್ಳಿದವರ ಬುದ್ಧಿ ಚೆನ್ನಾಗಿಯೇ ಇತ್ತು. ಅವರಿಗೆ ಬೇರೆ ಮೇಜು ಹಾಕಲಿಲ್ಲ. ಮಾತು ಮುಂದುವರಿದರೆ ಆಶ್ರಮ ಬಿಡಬೇಕಾಗುತ್ತದೆ ಎಂದು ಮಕ್ಕಳ ಎದುರಿಗೇ ಹೇಳಿದೆವು.

ಭಾನುವಾರದ ಸಂಜೆ ಇನ್ನೂ ನಮ್ಮ ಹಿಡಿತಕ್ಕೆ ಬಂದಿಲ್ಲ. ಮಕ್ಕಳು ಬಂದು ಹೋದವರೂ ಯಾರೂ ಬಾರದವರೂ ಒಂದೇ ಜಗಲಿಯಲ್ಲಿ ಕೂತಿರುತ್ತಾರೆ. ಈ ತಿಂಗಳಿಂದ ಭೇಟಿಯನ್ನು ಬೆಳಗಿನ ಹೊತ್ತಿಗೆ ಬದಲಿಸಿದ್ದೇವೆ. ಪುಸ್ತಕದಲ್ಲಿ ಸದ್ಯಕ್ಕೆ ಎರಡು ಭಾನುವಾರಗಳ ನಮೂದಷ್ಟೇ ಇದೆ.