ಕಣ್ಣಿಗೆ ಕನ್ನಡ, ಕಿವಿಗೆ ಪೌಂಡ್

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕೂತು ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆ. ಊರಿನದೇ ಒಂದು ಕೋಚಿಂಗ್ ಸೆಂಟರ್‌ಗೆ ಮಾಡಿಕೊಟ್ಟು ಎರಡು ವರ್ಷ ಆಗಿತ್ತು. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರಿಗೆ ನೋಟ್ಸ್ ಎಲ್ಲ ಅದರಲ್ಲೇ ಸಿಗುತ್ತಿತ್ತು. ಒಂದು ದಿನ ಸೆಂಟರ್‌ನವರು ಫೋನ್ ಮಾಡಿ, "ಜಗಳೂರು ಕಡೆ ಹುಡುಗ ಒಬ್ಬ ಸೇರ್ಕೊಂಡಾನ್ರಿ, ಕಣ್ಣು ಕಾಣಲ್ಲ. ಸೈಟ್ ಓದಕ್ಕೇ ಆಗ್ತಿಲ್ಲ ಅಂತಾನೆ, ಸ್ವಲ್ಪ ನೋಡ್ರಿ" ಅಂದರು.

ಅವನನ್ನೇ ಕರೆಸಿಕೊಂಡೆ. ಅವನ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಇತ್ತು. ತೆರೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದು, ಪುಕ್ಕಟೆ ಸಿಗುತ್ತದೆ. ನೋಟ್ಸ್ ಪುಟ ತೆರೆದು ಬಾಣದ ಕೀಯಿಂದ ಒಂದೊಂದೇ ಅಕ್ಷರ ಓದಿಸಿದ. ನನ್ನ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ ಕಾಣುತ್ತಿತ್ತು. ಕಿವಿಗೆ ಬಿದ್ದಿದ್ದು ಬಿಡಿ ಇಂಗ್ಲಿಷ್ ಅಕ್ಷರಗಳು, ನಡುನಡುವೆ "ಪೌಂಡ್, ಪೌಂಡ್".

"ಅಣ್ಣಾ, ಪೂರ್ತಿ ಹಿಂಗೇ ಐತಿ" ಅಂದ.

ಕಾರಣ ಅಲ್ಲೇ ಹೊಳೆಯಿತು. ನೋಟ್ಸ್ ಎಲ್ಲ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಆಗಿದ್ದವು. ಆ ಆಸ್ಕಿ ಪದ್ಧತಿಯಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೊಡಿಸುತ್ತದೆ ಅಷ್ಟೆ. "ನ" ಬರುವ ಕಡೆ ಒಳಗಿರುವುದು ಪೌಂಡ್ ಚಿಹ್ನೆ. ನಾನು ಆ ಫಾಂಟನ್ನೂ ಸೈಟ್‌ಗೆ ಸೇರಿಸಿ ಕೊಟ್ಟಿದ್ದರಿಂದ ನೋಡುವವರಿಗೆ ಏನೂ ಗೊತ್ತಾಗಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರ ಒಳಗೂ ಕನ್ನಡವಾಗಿಯೇ ಇರುವ ಪದ್ಧತಿಗೆ ತರುವುದು. ಪರಿವರ್ತಕಕ್ಕೆ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಮಾಡಿ ಕೆಡಿಸುತ್ತದೆ. ಅರ್ಕಾವೊತ್ತು ಇರುವ ಪದಗಳನ್ನೂ ನಂಬುವ ಹಾಗಿರಲಿಲ್ಲ. "ಕರ್ನಾಟಕ", "ಕಾರ್ಯದರ್ಶಿ" ಇಂಥವನ್ನು ಒಂದೊಂದಾಗಿ ಹುಡುಕಿ ನೋಡಿದೆ. ಎರಡು ವಾರ ರಾತ್ರಿಯೆಲ್ಲ ಇದೇ ಆಯಿತು. ಆ ಹುಡುಗನೂ ಎಲ್ಲರಷ್ಟೇ ಫೀಸ್ ಕಟ್ಟಿದ್ದ, ಎಲ್ಲರಿಗೂ ಸಿಗುವ ನೋಟ್ಸ್ ಅವನಿಗೂ ಸಿಗಬೇಕು ಅಲ್ವಾ? ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ನಾನು ಅದನ್ನು ತೆಗೆದು ಓದಿದ್ದು ಆ ದಿನಗಳಲ್ಲೇ.

ಯೂನಿಕೋಡ್ ಆದ ಮೇಲೂ ಧ್ವನಿ ತಡವರಿಸಿತು. ಪುಟದ ಭಾಷೆ ಇಂಗ್ಲಿಷ್ ಅಂತ ಕೋಡ್‌ನ ಮೊದಲ ಸಾಲಿನಲ್ಲೇ ಬರೆದಿತ್ತು. "ಇಎನ್" ತೆಗೆದು "ಕೆಎನ್" ಹಾಕಿದೆ. ಎರಡೇ ಅಕ್ಷರ. ತಕ್ಷಣ ಕನ್ನಡದ ಧ್ವನಿ ಶುರುವಾಯಿತು. ಯಂತ್ರದ ಧ್ವನಿಯೇ, ಆದರೂ ಹುಡುಗ ಮುಂದಕ್ಕೆ ಬಾಗಿ ಒಂದು ಇಡೀ ಪುಟ ಸುಮ್ನೆ ಕೇಳಿದ.

ಆಮೇಲಿನವು ಬೇಗ ಆದವು. ತಲೆಬರಹಗಳನ್ನು ನಾನು ಬರೀ ದಪ್ಪ ಅಕ್ಷರ ಮಾಡಿ ಬಿಟ್ಟಿದ್ದೆ. ಹೆಡಿಂಗ್ ಅಂತಲೇ ಗುರುತು ಹಾಕಿದ ಮೇಲೆ ಅವನು "ಎಚ್" ಕೀ ಒತ್ತುತ್ತಾ ಪಾಠದಿಂದ ಪಾಠಕ್ಕೆ ಹಾರತೊಡಗಿದ. ಅರ್ಜಿಯಲ್ಲಿ ಪ್ರತಿ ಖಾನೆಗೂ "ಎಡಿಟ್, ಬ್ಲ್ಯಾಂಕ್" ಅಂತಷ್ಟೇ ಹೇಳುತ್ತಿತ್ತು, ಲೇಬಲ್ ಜೋಡಿಸಿದೆ. ತಿಳಿ ಬೂದು ಅಕ್ಷರಗಳನ್ನು ಅಳೆದರೆ ಬಿಳಿ ಹಿನ್ನೆಲೆಯ ಜೊತೆ ಕಾಂಟ್ರಾಸ್ಟ್ ಅನುಪಾತ 2.8 ಮಾತ್ರ ಇತ್ತು, ಬೇಕಾದದ್ದು ಕನಿಷ್ಠ 4.5. ಅವನ್ನು ಗಾಢ ಮಾಡಿದೆ. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀ ಒಂದರಿಂದಲೇ ಇಡೀ ಸೈಟ್ ಸುತ್ತಿದೆ. ಮೆನುವಿನ ಹತ್ತಿರ ಸಿಕ್ಕಿಹಾಕಿಕೊಂಡೆ, ಅದನ್ನೂ ಸರಿಮಾಡಿದೆ.

ವೇಳಾಪಟ್ಟಿಯ ವಿಷಯಕ್ಕೆ ಮಾತ್ರ ಸೆಂಟರ್‌ನವರ ಜೊತೆ ಸ್ವಲ್ಪ ವಾದ ಆಯಿತು. ಅವರು ಪೋಸ್ಟರ್ ಮಾಡಿಸಿ ಚಿತ್ರ ಹಾಕುತ್ತಿದ್ದರು. "ಪೋಸ್ಟರ್ ಚೆಂದ ಐತಲ್ರಿ, ಯಾಕೆ ತೆಗೀತೀರಿ?" ಅಂದರು. ತೆಗೆಯಲಿಲ್ಲ. ಕೆಳಗೆ ಅದೇ ವೇಳಾಪಟ್ಟಿಯನ್ನು ಅಕ್ಷರದಲ್ಲಿ ಟೇಬಲ್ ಮಾಡಿ ಹಾಕಿದೆ. ಈಗ ಕಣ್ಣು ಕಾಣುವ ಹುಡುಗರೂ ಕಾಪಿ ಮಾಡಿಕೊಳ್ಳುವುದು ಅದನ್ನೇ.

ಕೊನೆಗೆ ಹುಡುಗ ನನ್ನ ಮುಂದೆಯೇ ಟೆಸ್ಟ್ ಸೀರೀಸ್‌ನ ಅರ್ಜಿಯನ್ನು ಯಾರ ಸಹಾಯವೂ ಇಲ್ಲದೆ ತುಂಬಿದ. ಹಣ ಕಟ್ಟುವ ಪುಟದಲ್ಲಿ ನಿಂತುಹೋದ. ಅದು ಬೇರೆ ಕಂಪನಿಯ ಪುಟ, ಅಲ್ಲಿನ ಬಟನ್‌ಗಳಿಗೆ ಹೆಸರೇ ಇಲ್ಲ. ಅವರಿಗೆ ಎರಡು ಸಲ ಬರೆದಿದ್ದೇನೆ. ಅವರು ಸರಿಮಾಡುವವರೆಗೆ ಇರಲಿ ಅಂತ, ಆ ಪುಟಕ್ಕೆ ಹೋಗುವ ಮೊದಲೇ ಸೆಂಟರ್‌ನ ಫೋನ್ ನಂಬರ್ ಮತ್ತು ಯುಪಿಐ ಐಡಿ ಓದಿಸಿಕೊಳ್ಳುವ ಹಾಗೆ ಹಾಕಿದ್ದೇನೆ.